ಇಪ್ಬುನ್ ಅಕ್ಕನ ಪ್ಲೇಟ್‌ಲೆಟ್ಟುಗಳು

ಕೊರಿಯಾದ ಡೇಗು ಪೇಟೆಯಲ್ಲಿ ಒಣಮೆಣಸಿನಕಾಯಿ ಮಾರುವ ನನ್ನ ಅಕ್ಕ ಇಪ್ಬುನ್‌ಗೆ ಬಿಸಿಲೆಂದರೆ ಸ್ವಂತ ಆಸ್ತಿ. "ಯಂತ್ರದಲ್ಲಿ ಒಣಗ್ಸಿದ್ದಲ್ಲಮ್ಮಾ, ಬಿಸಿಲು ಕುಡಿದ ಕಾಯಿ ಇದು" ಎಂದು ಗಿರಾಕಿಗಳ ಮೂಗಿಗೇ ಹಿಡಿಯುತ್ತಿದ್ದಳು. ವರ್ಷವಿಡೀ ಮಹಡಿಯ ಮೇಲೆ ಕಾಯಿ, ಅಣಬೆ, ಮೂಲಂಗಿ ಹರವುವಳು. ತಾನು ಮಾತ್ರ ಮೊರದಗಲದ ಟೋಪಿ, ಕಣ್ಣಿನವರೆಗೆ ಬಟ್ಟೆ, ಮೊಣಕೈ ದಾಟಿದ ಕೈಗವಸು ಏರಿಸಿಯೇ ಮೇಲೆ ಹತ್ತುವಳು. ನಮ್ಮ ಹೆಂಗಸರೆಲ್ಲ ಹಾಗೆಯೇ. ಮುಖ ಕಪ್ಪಾದರೆ ಗದ್ದೆ ಕೂಲಿಯವಳೆಂದುಕೊಂಡಾರೆಂಬ ಭಯ. ಅದೇ ಮಹಡಿಯಲ್ಲಿ ಅರ್ಧ ಬತ್ತಲೆ ಬಿದ್ದು ಗೊರಕೆ ಹೊಡೆಯುವುದು ನನ್ನ ಪಾಲಿನ ಕೆಲಸ. ಅದರಲ್ಲಿ ನನ್ನಷ್ಟು ಶ್ರಮಜೀವಿ ಇನ್ನೊಬ್ಬನಿಲ್ಲ.

ಕೊರೊನಾ ಬಂದ ಮೊದಲ ವಸಂತದಲ್ಲಿ ಇಬ್ಬರಿಗೂ ಒಟ್ಟಿಗೇ ತಗುಲಿ, ಆಸ್ಪತ್ರೆಯ ಒಂದೇ ಕೋಣೆಯಲ್ಲಿ ಎರಡು ಮಂಚ ಹಿಡಿದೆವು. ನನಗೆ ನೆಗಡಿಯಷ್ಟೇ. ಅಕ್ಕನ ರಕ್ತದ ಪ್ಲೇಟ್‌ಲೆಟ್ ಎಣಿಕೆ ಮಾತ್ರ ಇಳಿಯುತ್ತ ಇಳಿಯುತ್ತ ಅರವತ್ತು ಸಾವಿರಕ್ಕೆ ಬಂತು. ಇನ್ನೂ ಇಳಿದರೆ ಬೇರೆ ಊರಿನ ತೀವ್ರ ನಿಗಾ ಘಟಕಕ್ಕೆ ಸಾಗಿಸುತ್ತೇವೆ ಎಂದರು.

"ಅಲ್ಲಿಗೆ ಹೋದೋರು ಬೂದಿಯಾಗೇ ವಾಪಸ್ ಬರೋದು ಕಣೋ," ಅಕ್ಕ ಪಿಸುಗುಟ್ಟಿದಳು. "ಮುಖಾನೂ ತೋರ್ಸಲ್ಲ."

ನಾನು ಕುಹಕ ಬಿಟ್ಟು, ಎದ್ದು ಹೋಗಿ ಅವಳ ಹೊದಿಕೆ ಸರಿಮಾಡಿದೆ. ಅದೇ ಅವಳನ್ನು ಹೆಚ್ಚು ಹೆದರಿಸಿರಬೇಕು.

ಮರುದಿನ ಬಿಳಿ ರಕ್ಷಾಕವಚದೊಳಗಿಂದ ಡಾಕ್ಟರ್ ಪ್ಯೋ ಕೇಳಿದರು: "ಅಮ್ಮಾ, ನೆಲಮಾಳಿಗೇಲಿ ಕೆಲಸಾನಾ ನಿಮ್ಗೆ? ವಿಟಮಿನ್ ಡಿ ತಳ ಕಂಡಿದೆ. ಬಿಸಿಲಿಗೆ ಬರೋದೇ ಇಲ್ವಾ?"

"ನಾನಾ?" ಅಕ್ಕ ಎದ್ದೇ ಕೂತಳು. "ಡೇಗೂ ಬಿಸಿಲೆಲ್ಲ ನಮ್ಮ ಮಹಡೀಲೇ ಬೀಳೋದು ಡಾಕ್ಟ್ರೇ!"

"ಬೀಳುತ್ತೆ. ಆದ್ರೆ ಅದಕ್ಕೆ ಇವಳ ಮುಖದ ಪರಿಚಯ ಇಲ್ಲ," ಎಂದೆ. "ಇವಳ ಅಣಬೆ ಪರೀಕ್ಷೆ ಮಾಡಿ, ಡಿ ತುಳುಕ್ತಿರುತ್ತೆ."

"ಮುಚ್ಚೋ ಸೋಮಾರಿ! ನಿಂದೆಷ್ಟಂತೆ?"

ನನ್ನದು ಭೇಷಾಗಿತ್ತು. ಅಕ್ಕ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

"ಡಿ, ಪ್ಲೇಟ್‌ಲೆಟ್ ಎರಡೂ ಕಮ್ಮಿ ಇರೋರನ್ನ ನೋಡ್ತಾ ಇದೀವಿ," ಎಂದರು ಡಾಕ್ಟರ್. "ಇದರಿಂದಲೇ ಅದು ಅಂತ ಹೇಳೋ ಧೈರ್ಯ ನನಗಿಲ್ಲ. ಕೊರತೆ ಇದೆ, ತುಂಬೋಣ."

ವಿಟಮಿನ್ ಡಿ ಹನಿ ಔಷಧ ಶುರುವಾಯಿತು. ಹಟಮಾರಿ ಅಕ್ಕ ಉಸಿರಾಟಕ್ಕೆಂದು ಡಾಕ್ಟರ್ ಹೇಳಿದಷ್ಟು ಹೊತ್ತು ಬೋರಲು ಮಲಗಿದಳು, ಸಪ್ಪೆ ಗಂಜಿಯನ್ನು ಬೈಯುತ್ತಲೇ ಬಟ್ಟಲು ನೆಕ್ಕಿದಳು. ಪ್ಲೇಟ್‌ಲೆಟ್ ಅರವತ್ತರಲ್ಲೇ ಕಾಲೂರಿ ನಿಂತಿತು. ಎರಡು ದಿನ ಅಲುಗಲಿಲ್ಲ. ನಾನು ಉಗುರನ್ನೆಲ್ಲ ಕಚ್ಚಿ ಮುಗಿಸಿದೆ. ಆಮೇಲೆ ಎಪ್ಪತ್ತೆಂಟು. ಆಮೇಲೆ ಒಂದು ಬೆಳಿಗ್ಗೆ ಡಾಕ್ಟರ್ ಪ್ಯೋ ಬಾಗಿಲಲ್ಲೇ ಕೂಗಿದರು: "ಒಂದು ಲಕ್ಷ ಹದಿನೆಂಟು ಸಾವಿರ! ಎಲ್ಲಿಗೂ ಕಳಿಸಲ್ಲ, ಅಮ್ಮಾ!"

"ಹನಿಯಿಂದಾನಾ ಡಾಕ್ಟ್ರೇ?" ಅಕ್ಕ ಕೇಳಿದಳು.

"ಹನಿಯೋ, ನಿಮ್ಮ ಹಟವೋ, ನನಗೂ ಗೊತ್ತಿಲ್ಲ."

"ಹಟ!" ಅಕ್ಕ ನನ್ನ ಕೈಯಿಂದ ಫೋನು ಕಿತ್ತುಕೊಂಡು ಪೇಟೆಯ ಗೆಳತಿಯರಿಗೆಲ್ಲ ಒಟ್ಟಿಗೇ ಕರೆ ಹಚ್ಚಿದಳು. ಹರಾಜು ಕೂಗುವ ಗಂಟಲು ವಾಪಸ್ ಬಂದಿತ್ತು. "ಒಂದು ಲಕ್ಷ ಹದಿನೆಂಟು ಸಾವಿರ ಕಣ್ರೇ!"

"ಅಯ್ಯೋ, ಯಾವ ಕಾಯಿಗೆ ಬಂತೇ ಅಷ್ಟು ರೇಟು?"

"ಕಾಯಿಗಲ್ಲ ಕಣೇ, ನನ್ನ ರಕ್ತಕ್ಕೆ!"

ಆ ಕಡೆಯಿಂದ ಎದ್ದ ಕೇಕೆಗೆ ನರ್ಸ್ ಓಡಿ ಬಂದಳು. ಬೈಯಲು ಬಂದವಳು ಕೈಗವಸಿನ ಕೈಯಲ್ಲೇ ಚಪ್ಪಾಳೆ ತಟ್ಟತೊಡಗಿದಳು.