ಪ್ರಭಾ ತೆಗೆದ ಮಸುಕು ಪ್ರಾಣಿಗಳು

ಪ್ರಭಾಳಿಗೆ ಮಸುಕು ಎಂದರೆ ಮೈ ಉರಿಯುತ್ತಿತ್ತು. ಹೂಸ್ಟನ್ನಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಅರ್ಧ ಟೆಕ್ಸಸ್ಸಿನ ರಕ್ತ ನೋಡಿದವಳು. ಉಳಿದರ್ಧ ಟೆಕ್ಸಸ್ಸಿನಲ್ಲಿ ರಕ್ತವೇ ಇಲ್ಲ ಎಂಬುದು ನನ್ನ ಸ್ವಂತ ಸಂಶೋಧನೆ.

ಐವತ್ತು ತುಂಬಿದ ವರ್ಷ ಆಕೆ ತನಗೆಂದು ಒಂದು ಕ್ಯಾಮೆರಾ ಕೊಂಡಳು. ಅದರ ಲೆನ್ಸ್ ಎಷ್ಟು ಉದ್ದವೆಂದರೆ, ಹೂಸ್ಟನ್ ಪಕ್ಕದ ಪೇರ್ಲ್ಯಾಂಡಿನ ತನ್ನ ಹಿತ್ತಿಲಿನಿಂದ ತಿರುಗಿಸಿದರೆ ಮೀನಾಕ್ಷಿ ದೇವಸ್ಥಾನದ ಪುಳಿಯೋಗರೆಗೆ ಉಪ್ಪು ಬಿತ್ತೋ ಇಲ್ಲವೋ ತಿಳಿಯುತ್ತಿತ್ತು. ಒಂದು ವರ್ಷ ಊರ ಕಾಲುವೆಯ ಬೆಳ್ಳಕ್ಕಿಗಳ ಹಿಂದೆ ಬಿದ್ದಳು. ಅವುಗಳ ಒಂದೊಂದು ಗರಿಯನ್ನೂ ಎಣಿಸಬಹುದು, ಹಾಗೆ ತೆಗೆಯುತ್ತಿದ್ದಳು. 2002ರಲ್ಲಿ ನಮ್ಮ ಕನ್ನಡ ಸಂಘದವರು ರಾಜ್ಯೋತ್ಸವದ ದಿನ ಆಕೆಗೊಂದು ಗೋಡೆ ಬಿಟ್ಟುಕೊಟ್ಟರು. ಆಮಂತ್ರಣದಲ್ಲಿ 'ಪ್ರಭಾ ಅವರ ವನ್ಯಜೀವಿ ಚಿತ್ರಗಳು' ಎಂದು ಅಚ್ಚಾಯಿತು. ಅಲ್ಲಿಯವರೆಗೆ ಆಕೆ ಅಚ್ಚಿನಲ್ಲಿ ಬಂದದ್ದೆಲ್ಲ 'ಶ್ರೀ ಭೀಮಸೇನ ದಂಪತಿಗಳು' ಎಂದೇ. ಬೆಳ್ಳಕ್ಕಿಗಳು ಸಾಲವು, ಗೋಡೆಗೆ ನಿಜವಾದ ಕಾಡುಪ್ರಾಣಿಗಳೇ ಬೇಕು ಎಂದಳು. ಅದಕ್ಕೇ ಸೆಪ್ಟೆಂಬರ್ ಕೊನೆಯಲ್ಲಿ ಆರ್‌ವಿಯೊಂದನ್ನು ಬಾಡಿಗೆಗೆ ಹಿಡಿದು ಹೊರಟದ್ದು. ಆರ್‌ವಿ ಎಂದರೆ ಅಡಿಗೆಮನೆ, ಕಕ್ಕಸು, ಮಂಚಗಳ ಸಮೇತ ಚಕ್ರ ಕಟ್ಟಿಕೊಂಡ ಮನೆ. ಪ್ರಭಾ, ಅವಳ ಗಂಡ ಭೀಮಸೇನ, ನನ್ನ ಹೆಂಡತಿ ವಸಂತಾ, ನಾನು. ಒಂಬತ್ತು ದಿನ, ವ್ಯೋಮಿಂಗಿನ ಬೆಟ್ಟಗಳವರೆಗೆ.

ಭೀಮಸೇನ ಒಳ್ಳೆಯವನು. ಕುಡಿಯುವುದಿಲ್ಲ, ಬೈಯುವುದಿಲ್ಲ, ನಿಲ್ಲಿಸುವುದೂ ಇಲ್ಲ. ಐದು ತಾಸು ದೂರದ ಮೆಕಿನ್ನಿಯಲ್ಲಿದ್ದ ತಂಗಿಯ ಮನೆಗೆ ಹೊರಟರೆ ದಾರಿಯಲ್ಲಿ ಮೂತ್ರಕ್ಕೂ ಇಳಿಯುತ್ತಿರಲಿಲ್ಲ. ಯಮ ಬಂದು ಕೈ ಅಡ್ಡ ಹಿಡಿದರೂ ಮುಂದಿನ ಎಕ್ಸಿಟ್‌ನಲ್ಲಿ ನೋಡೋಣ ಎನ್ನುವವನು.

ಪ್ರಭಾ ಅವನ ಪಕ್ಕದ ಸೀಟಿನಲ್ಲಿ ಕ್ಯಾಮೆರಾ ಹಿಡಿದು ಕೂತಳು. ಹಿಂದಿನ ಸೋಫಾದಲ್ಲಿ ಮ್ಯಾಪು ಹಿಡಿದು ನಾನು, ಹಚ್ಚಿದ ಅವಲಕ್ಕಿಯ ಡಬ್ಬಿ ಹಿಡಿದು ವಸಂತಾ. ಕೊಲೊರಾಡೊದಲ್ಲಿ ಆಸ್ಪೆನ್ ಮರಗಳೆಲ್ಲ ಅರಿಶಿನ ಬಳಿದುಕೊಂಡು ನಿಂತಿದ್ದವು. ಅವುಗಳ ಕೆಳಗೆ ಎಲ್ಕ್ ಎಂಬ ದೊಡ್ಡ ಜಿಂಕೆಗಳ ಹಿಂಡು.

"ರೀ, ನಿಲ್ಲಸ್ರಿ ನಿಲ್ಲಸ್ರಿ!"

"ಮುಂದ ಇದಕಿಂತ ಛೊಲೋ ಸಿಗ್ತಾವ ತಗೋ. ಇವಕ್ಕ ಕೋಡ ಇಲ್ಲ."

ಕೋಡಿದ್ದವು ಬಂದಾಗ ರಸ್ತೆ ಇಳಿಜಾರಿತ್ತು. ರಸ್ತೆ ಸಮವಾದಾಗ ಹಿಂದೆ ಲಾರಿ ಇತ್ತು. ಲಾರಿ ಹೋದ ಮೇಲೆ ಪ್ರಾಣಿ ಇರಲಿಲ್ಲ. ಪ್ರಭಾ ಗಾಜು ಇಳಿಸಿ, ಅರ್ಧ ಮೈ ಹೊರಗೆ ಚಾಚಿ ಕ್ಲಿಕ್ಕಿಸುತ್ತ ಹೋದಳು. ನಾಲ್ಕು ದಿನದಲ್ಲಿ ನಾವು ನೋಡಿದಷ್ಟು ಪ್ರಾಣಿಗಳು ನೋಹನ ಹಡಗಿನಲ್ಲೂ ಇದ್ದಿರಲಾರವು. ಒಂದರ ಮುಂದೆಯೂ ಚಕ್ರ ನಿಲ್ಲಲಿಲ್ಲ.

ಒಂದೇ ಒಂದು ಸಲ ನಿಂತಿತು. ಕಾಡುಕೋಣದಂಥ ಬೈಸನ್ ಒಂದು ರಸ್ತೆಗೆ ಅಡ್ಡ ನಿಂತಿತ್ತು. ಹತ್ತಾರು ಕಾರುಗಳು ಉಸಿರು ಬಿಗಿಹಿಡಿದು ನಿಂತಿದ್ದವು. ಪ್ರಭಾ ಕ್ಯಾಮೆರಾ ಎತ್ತಿದಳು. ಅಷ್ಟರಲ್ಲಿ ಭೀಮಸೇನ, ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಎಮ್ಮೆ ಎಬ್ಬಿಸಿದ ಅಭ್ಯಾಸಕ್ಕೆ, ಹಾರ್ನ್ ಮೇಲೆ ಅಂಗೈ ಒತ್ತಿಯೇ ಬಿಟ್ಟ. ಬೈಸನ್ ನಮಗೆ ಬೆನ್ನು ತಿರುಗಿಸಿ ನಡೆಯಿತು. ಮುಂದಿನ ಕಾರಿನ ಮುದುಕಿ ನಮ್ಮನ್ನು ನೋಡಿದ ನೋಟಕ್ಕೆ ಆ ಸೀಮೆಯಲ್ಲಿ ಎರಡು ವಾರ ಮುಂಚೆಯೇ ಹಿಮ ಬಿತ್ತು.

"ದಾರಿ ಆತು," ಎಂದ ಭೀಮಸೇನ, ಸಂತೋಷದಿಂದ.

ಐದನೆಯ ದಿನ ಮೂಸ್ ಕಂಡಿತು. ಎಮ್ಮೆಯ ತಲೆಗೆ ಎರಡು ಮೊರ ಕಟ್ಟಿ ನಾಲ್ಕು ಬಿದಿರಿನ ಮೇಲೆ ನಿಲ್ಲಿಸಿದಂಥ ಪ್ರಾಣಿ. ತೊರೆಯಲ್ಲಿ ನಿಂತು, ಬಾಯಲ್ಲಿ ಜೊಂಡು ಕಚ್ಚಿಕೊಂಡು, ನಮ್ಮನ್ನೇ ನೋಡುತ್ತಿತ್ತು. ಕೆನ್ನೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬಿಸಿಲು ಸರಿಯಾಗಿ ಮುಖದ ಮೇಲೆ.

"ರೀ, ಕೈ ಮುಗೀತೀನಿ. ಎರಡ ನಿಮಿಷ."

"ಐದರೊಳಗ ಕ್ಯಾಂಪ್ ಮುಟ್ಟಬೇಕು. ಅದೆಲ್ಲಿ ಓಡಿ ಹೋಗ್ತದ?"

"ಅದು ಓಡಿ ಹೋಗೂದಿಲ್ರಿ. ಓಡ್ಲಿಕತ್ತವರು ನಾವು!" ಎಂದವಳು ನನ್ನತ್ತ ತಿರುಗಿದಳು. "ಅಣ್ಣಾರ, ನೀವರೆ ಹೇಳ್ರಿ."

ನನ್ನ ಬಾಯ್ತುಂಬ ಅವಲಕ್ಕಿ. ನುಂಗಿ, "ನಾಳೆ ಬೆಳಗ್ಗೆ ಇದೇ ದಾರೀಲಿ ಬಂದ್ರಾಯ್ತಮ್ಮ" ಎಂದೆ. ಅದು ಸುಳ್ಳೆಂದು ನನಗೆ ಗೊತ್ತಿತ್ತು. ಮರುದಿನದ ದಾರಿ ಬೇರೆಯೆಂದು ತೋರಿಸುವ ಮ್ಯಾಪು ನನ್ನ ತೊಡೆಯ ಮೇಲೇ ಇತ್ತು. ವಸಂತಾ ನನ್ನ ಕೈಯಿಂದ ಡಬ್ಬಿ ಕಿತ್ತುಕೊಂಡು ಮುಚ್ಚಳ ಹಾಕಿದಳು. ಊರು ಸೇರುವವರೆಗೆ ತೆಗೆಯಲಿಲ್ಲ. ಪ್ರಭಾ ಮತ್ತೆ ನಿಲ್ಲಿಸಿ ಎನ್ನಲಿಲ್ಲ, ಸುಮ್ಮನೆ ಕ್ಲಿಕ್ಕಿಸಿದಳು.

ಹದಿನಾಲ್ಕು ರೋಲುಗಳು ತೊಳೆದು ಬಂದವು. ಚೊಕ್ಕವಾಗಿ ಬಂದದ್ದು ಒಂದೇ, ಬೈಸನ್ನಿನ ಹಿಂಭಾಗ. ಉಳಿದದ್ದೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದ ರಂಗೋಲಿ. ಗೋಡೆ ಖಾಲಿ ಬಿಡುತ್ತಾಳೆ, ಇಲ್ಲವೇ ಬೆಳ್ಳಕ್ಕಿಗಳನ್ನು ಹಾಕುತ್ತಾಳೆ ಎಂದು ನಾವಂದುಕೊಂಡೆವು. ರಾಜ್ಯೋತ್ಸವದ ದಿನ ಹೋಗಿ ನೋಡಿದರೆ ಹನ್ನೆರಡು ಮಸುಕು ಚಿತ್ರಗಳು, ಜೊತೆಗೆ ಆ ಬೈಸನ್, ಒಳ್ಳೆಯ ಚೌಕಟ್ಟಿನಲ್ಲಿ. ಕೆಳಗೆ ಆಕೆಯ ದುಂಡು ಅಕ್ಷರ: 'ಎಲ್ಕ್, ಕೊಲೊರಾಡೊ, 52.' 'ಮೂಸ್, ವ್ಯೋಮಿಂಗ್, 44.' ಬೈಸನ್ನಿನ ಅಡಿಯಲ್ಲಿ: 'ಸೊನ್ನೆ. ಹಾರ್ನ್.'

ಆಸ್ಟಿನ್ನಿನಿಂದ ಬಂದಿದ್ದ ನಿಶಿತಾ ಎಂಬ ವಿದ್ಯಾರ್ಥಿನಿ ಮೂಸ್ ಮುಂದೆ ಬಹಳ ಹೊತ್ತು ನಿಂತಳು. "ಸೂಪರ್ ಆಂಟಿ, ಮಾಡರ್ನ್ ಆರ್ಟ್ ಥರ ಇದೆ. ಈ ನಲವತ್ನಾಲ್ಕು ಅಂದ್ರೆ ಷಟರ್ ಸ್ಪೀಡಾ?"

"ಕ್ಯಾಮೆರಾದ್ದಲ್ಲವ್ವಾ, ಇವರದು," ಎಂದು ಪ್ರಭಾ ಗಂಡನ ಕಡೆ ಗದ್ದ ತೋರಿಸಿದಳು.

ಪ್ರತಿ ಸಲ ಕ್ಲಿಕ್ಕಿಸಿದಾಗಲೂ ಆಕೆ ಪಕ್ಕದ ಸ್ಪೀಡೋಮೀಟರಿನ ಮುಳ್ಳನ್ನು ನೋಡಿ ಬರೆದಿಟ್ಟುಕೊಂಡಿದ್ದಳು. ಅಷ್ಟು ಹತ್ತಿರ ಕೂತಿದ್ದ ನಮಗೆ ಅದು ತಿಳಿದದ್ದು ಈ ಗೋಡೆಯ ಮುಂದೆಯೇ. ಸುತ್ತ ಇದ್ದವರು ನಕ್ಕರು, ನಾನು ಎಲ್ಲರಿಗಿಂತ ಜೋರಾಗಿ. ಭೀಮಸೇನನಿಗೆ ಈಗಲಾದರೂ ನಾಟಿತು ಎಂದುಕೊಂಡು ನೋಡಿದೆ. ಅವನು ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ಓದುತ್ತಿದ್ದ. ಏಳನೆಯದರ ಮುಂದೆ ನಿಂತ. ನನ್ನ ಜೇಬಿನ ಪೆನ್ನು ತೆಗೆದುಕೊಂಡ.

"ಐವತ್ತೆಂಟು? ಆ ಸಪಾಟ ರಸ್ತ್ಯಾಗ ನಾ ಅರವತ್ತೈದರ ಕೆಳಗ ಇಳದೇ ಇಲ್ಲಲ್ಲ, ರಾಯರ," ಎಂದು ಹೆಂಡತಿ ಬರೆದ ಅಂಕಿ ಹೊಡೆದು ಹಾಕಿ, ಮೇಲೆ 65 ಎಂದು ಬರೆದ. ಹಿಂದೆ ಸರಿದು ನೋಡಿ, ಡಲ್ಲಾಸಿನವರೊಬ್ಬರ ಭುಜ ತಟ್ಟಿ, ಒಂಬತ್ತು ದಿನದಲ್ಲಿ ಎಷ್ಟು ಸಾವಿರ ಮೈಲಿ ಹೊಡೆದೆನೆಂದು ಹೇಳತೊಡಗಿದ.

ಪ್ರಭಾ ಆ 65ನ್ನು ನೋಡಿದಳು. ಊಟಕ್ಕೆ ಕರೆದರು, ಹೋಗಲಿಲ್ಲ. ಮುಗಿದ ಮೇಲೆ ಚಿತ್ರಗಳನ್ನು ಇಳಿಸಲೂ ಇಲ್ಲ. ನಾವು ಹೊರಗೆ ಬಂದಾಗ ತಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದಳು.

"ಏ, ಹಿಂದ ಯಾಕ ಕೂತಿ? ಮುಂದ ಬಾ," ಎಂದ ಭೀಮಸೇನ.

"ಬ್ಯಾಡ್ರಿ," ಎಂದಳು ಪ್ರಭಾ. "ಇಲ್ಲಿಂದ ಏನೂ ಕಾಣಸೂದಿಲ್ಲ. ಇದ ಛೊಲೋ ಅದ."