ಕಪ್ಪು ಮೀನಿನ ಪರವಾಗಿ

ಪಕ್ಕದ ಮನೆಯ ಅಕ್ಕ ವಾದ ಮಾಡುತ್ತಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ “ಯಾಕಂತ?” ಎಂದು ಕೇಳುತ್ತಿದ್ದರು, ಅಷ್ಟೇ. ನಾನು ಭಾಗವಹಿಸಿದ ಚರ್ಚಾಸ್ಪರ್ಧೆಗಳಲ್ಲೂ ಎದುರಾಳಿಯನ್ನು ಅಷ್ಟು ಚಿಕ್ಕ ಮಾತಿನಲ್ಲಿ ನಿಲ್ಲಿಸಿದವರನ್ನು ಕಂಡಿಲ್ಲ.

ಸಂಡೂರಿನ ಗಣಿ ಅದಿರು ಸಾಗಿಸಲು ಲಾರಿ ಓಡಿಸಿ ನಾಲ್ಕು ಕಾಸು ಕಂಡ ಅವರ ಯಜಮಾನರು, ವಾಸ್ತು ಹೇಳುವವರ ಮಾತು ಕೇಳಿ ಮನೆಯ ಈಶಾನ್ಯ ಮೂಲೆಗೆ ಗಾಜಿನ ತೊಟ್ಟಿ ತಂದಿಟ್ಟಿದ್ದರು. ಅದರಲ್ಲಿ ಬಂಗಾರದ ಬಣ್ಣದ ಮೀನುಗಳು, ಜೊತೆಗೊಂದು ಕಪ್ಪು ಮೀನು. ಮನೆಗೆ ಬರುವ ಪೀಡೆಯನ್ನು ಕಪ್ಪು ಮೀನು ತನ್ನ ಮೇಲೆಳೆದುಕೊಂಡು ಸಾಯುತ್ತದಂತೆ. ಹಾಗಾಗಿ ಅದರ ಹೊಟ್ಟೆ ಊದಿ, ಹುರುಪೆಗಳು ನಿಮಿರಿ ನಿಂತಾಗ ಯಜಮಾನರಿಗೆ ಸಮಾಧಾನವೇ ಆಯಿತು.

ಅಕ್ಕ ಅದನ್ನು ಉಳಿಸಿಕೊಳ್ಳಲೆಂದು ಉಪ್ಪು ಕರಗಿಸಿದ ನೀರಿನ ಬೋಗುಣಿಗೆ ಬಿಟ್ಟರು.

“ಬಿಡಲೇ, ನಮ್ಮ ಪೀಡಾ ಅದರ ಜೋಡಿ ಹೋಗ್ಲಿ,” ಎಂದರು ಯಜಮಾನರು.

“ಯಾಕಂತ? ಲಾರಿ ನಿಮ್ದು, ಪೀಡಾ ಅದಕ್ಕೇನ್ರಿ?”

“ವಾಸ್ತುದವ್ರು ಹೇಳ್ಯಾರ.”

“ಅವ್ರ ಮೈಮ್ಯಾಲ ಹಾಕ್ಕೊಳ್ಳಾಕ ಹೇಳ್ರಿ.”

ಬಾಗಿಲಲ್ಲಿ ನಿಂತಿದ್ದ ನಾನು, ಇಷ್ಟು ಊದಿದ ಮೀನು ಉಳಿಯುವುದು ಅನುಮಾನ ಎಂದೆ.

“ಸಾಯ್ತೈತಿ ಅಂತ ನನಗೂ ಕಾಣ್ತೈತೋ ತಮ್ಮಾ. ಸಾಯ್ಲಿ ಅಂತ ಯಾಕ ಕುಂದರ್ಬೇಕು?” ಎನ್ನುತ್ತಾ ಅಕ್ಕ ಬೋಗುಣಿಯ ನೀರು ಬದಲಿಸಿದರು.

ಮರುದಿನ ಮೀನು ಸತ್ತಿತು. ಸಂಜೆ ಯಜಮಾನರು ಇನ್ನೊಂದು ಕಪ್ಪು ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು, “ಪೀಡಾ ಹೋತು ನೋಡು,” ಎಂದರು.

“ಪೀಡಾ ಹೋಗಿಲ್ರಿ, ಮೀನು ಹೋಗೈತಿ.”

ಅಕ್ಕ ಚೀಲ ಬಿಚ್ಚಿ ಹೊಸ ಮೀನನ್ನು ತೊಟ್ಟಿಗೆ ಬಿಟ್ಟರು. ಆಮೇಲೆ ನನ್ನನ್ನೂ ಕರೆದು, ತೊಟ್ಟಿಯನ್ನು ಆ ಈಶಾನ್ಯ ಮೂಲೆಯಿಂದ ಎತ್ತಿಸಿ ಅಡುಗೆಮನೆಯ ಕಟ್ಟೆಯ ಮೇಲೆ ಇಡಿಸಿದರು.

“ಇದು ಇಲ್ಲಿ ಬರೇ ಮೀನಾಗಿ ಇರ್ತೈತಿ,” ಎಂದರು ಗಂಡನಿಗೆ. “ನಿಮ್ಮ ಪೀಡಾ ನೀವ ಹೊರ್ರಿ.”