ಬೋಣಿಯಾಗದೆ ಮಾತಿಲ್ಲ

ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಂಗುಡೆ ತಾಜಾ ಹೌದೋ ಅಲ್ಲವೋ ಎಂದು ತಿಳಿಯಲು ಅದರ ಕಿವಿರು ಎತ್ತಿ ನೋಡಬೇಕು ಎಂಬುದು ಅರುವತ್ತೊಂದು ವರ್ಷ ಮೀನು ತಿಂದ ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದ ನನಗೆ ಪಾಣಿಪತದಲ್ಲಿ ಯಾರು ಯಾರ ಮೇಲೆ ಬಿದ್ದರು ಎಂಬುದು ಗೊತ್ತು. ಮನೆಗೆ ಮೀನು ತರುವುದು ಮಾತ್ರ ಹೆಂಡತಿ ಸುಮತಿಯ ಖಾತೆ. ಈಗ ನಾನೂ ಕಿವಿರು ಎತ್ತುತ್ತೇನೆ. ಅದನ್ನು ಕಲಿಸಿದ್ದು ರೇಡಿಯೊ.

ನನಗೆ ರೇಡಿಯೊ ಸಾಕ್ಷ್ಯಚಿತ್ರಗಳ ಹುಚ್ಚು. ಒಂದು ಊರು, ಒಂದು ಕಸುಬು, ಯಾರೂ ಬರೆದಿಡದ ಒಂದು ಜಗಳ, ಇವನ್ನೆಲ್ಲ ಅರ್ಧ ಗಂಟೆಯಲ್ಲಿ ಕಿವಿಗೆ ತುಂಬುವ ಆ ಕಾರ್ಯಕ್ರಮಗಳನ್ನು ನಾನು ಸ್ನಾನದ ಕೋಣೆಯಲ್ಲೂ ಬಿಟ್ಟವನಲ್ಲ. ಟಿ.ವಿ. ಬೇಡವಾದರೆ ಕಣ್ಣು ಮುಚ್ಚಬಹುದು. ಕಿವಿಗೆ ದೇವರು ರೆಪ್ಪೆ ಕೊಡಲಿಲ್ಲ, ಆದ್ದರಿಂದ ಕೇಳಿದ್ದು ಒಳಗೆ ಹೋಗಿಯೇ ಹೋಗುತ್ತದೆ ಎಂಬುದು ನನ್ನ ಸಿದ್ಧಾಂತ. "ಹಾಂಗಾರೆ ನಾನ್ ಹೇಳುದ್ ಎಂತಕೆ ನಿಮ್ ಒಳ್ಗೆ ಹೋತಿಲ್ಲ?" ಎಂದು ಸುಮತಿ ಕೇಳುತ್ತಾಳೆ. ಸಿದ್ಧಾಂತಗಳಿಗೆ ಅಪವಾದ ಇದ್ದೇ ಇರುತ್ತದೆ.

ನಿವೃತ್ತನಾದ ಮೇಲೆ ನಾನೇ ಒಂದು ಸಾಕ್ಷ್ಯಚಿತ್ರ ಮಾಡಬೇಕೆಂದು ಹಟ ಹಿಡಿದೆ. ನಮ್ಮ ಕಡೆಯ ಸಣ್ಣ ರೇಡಿಯೊ ಕೇಂದ್ರವೊಂದರ ಮೇಡಂ ಭಾನುವಾರ ಬೆಳಗಿನ ಅರ್ಧ ಗಂಟೆ ಕೊಡುತ್ತೇನೆಂದರು. ವಿಷಯವನ್ನು ತಂದುಕೊಟ್ಟವಳು ಸುಮತಿ, ಮೀನಿನ ಚೀಲದ ಜೊತೆಗೆ. ತ್ರಾಸಿಗೂ ತಲ್ಲೂರಿಗೂ ನಡುವೆ ಹೆದ್ದಾರಿ ಬದಿಯಲ್ಲಿ ನಮ್ಮ ಮೀನು ಮಾರುಕಟ್ಟೆ ಇದೆ. ಊರ ಹೆಸರು ಹೇಳುವುದಿಲ್ಲ, ಕಾರಣ ಆಮೇಲೆ ತಿಳಿಯುತ್ತದೆ. ಆ ಮಾರುಕಟ್ಟೆಯ ಮಾಡನ್ನು, ಅಂದರೆ ಸೂರನ್ನು, ಕೆಡವಿ ಹೊಸ ಕಟ್ಟಡ ಕಟ್ಟುವ ಮಾತು ಎದ್ದಿತ್ತು. ಅಲ್ಲಿ ಮೀನು ಮಾರುವ ಗುಲಾಬಿಯಕ್ಕ ಸುಮತಿಯ ಹತ್ತಿರ, "ಈ ಮಾಡ್ ಯಾರೂ ಕೊಟ್ಟದ್ದಲ್ಲ, ನಾವ್ ಹನ್ನೊಂದ್ ಹೆಂಗ್ಸ್ರ್ ಕೂಕಂಡ್ ಹಾಕ್ಸದ್ದ್" ಎಂದಿದ್ದಳಂತೆ.

ಮಾರುಕಟ್ಟೆಯ ಗೋಡೆಯಲ್ಲೊಂದು ಕಲ್ಲಿದೆ. ಅದರಲ್ಲಿ ಮಾಡು ಕಟ್ಟಿಸಿದವರು, ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು ಎಲ್ಲರ ಹೆಸರೂ ಇದೆ. ಅದಕ್ಕಾಗಿ ಧರಣಿ ಕೂತ ಹನ್ನೊಂದು ಹೆಂಗಸರ ಹೆಸರಿಲ್ಲ. ಬ್ರಹ್ಮಾವರದ ಬಳಿಯ ಬಾರ್ಕೂರಿಗೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ಅಲ್ಲಿನ ಶಾಸನಗಳ ಎದುರು ನಿಂತು ನಾನು ವರ್ಷವೂ ಒಂದೇ ಭಾಷಣ ಮಾಡುತ್ತಿದ್ದೆ: ದಾನ ಕೊಟ್ಟವನ ಹೆಸರು ಕಲ್ಲಿನಲ್ಲಿದೆ, ಕಲ್ಲು ಹೊತ್ತವನ ಹೆಸರು ಎಲ್ಲಿದೆ? ಮಕ್ಕಳು ಚಕ್ಕುಲಿ ತಿನ್ನುತ್ತಿದ್ದರು. ನಾನೂ ಭಾಷಣ ಮುಗಿಸಿ ಚಕ್ಕುಲಿ ತಿನ್ನುತ್ತಿದ್ದೆ. ಈಗ ಅದೇ ಪ್ರಶ್ನೆ ನಮ್ಮ ಮೀನು ಮಾರುಕಟ್ಟೆಯ ಗೋಡೆಯಲ್ಲಿ ನನಗಾಗಿ ಕಾದಿತ್ತು. ಆ ಕಲ್ಲಿನಲ್ಲಿ ಹೆಸರಿರುವ ಇಬ್ಬರ ಮೊಮ್ಮಕ್ಕಳು ನನ್ನ ಶಿಷ್ಯರು. ಊರ ಹೆಸರು ಹೇಳದಿರಲು ಅದೇ ಕಾರಣ.

ಮರುದಿನ ಬೆಳಿಗ್ಗೆ ಏಳೂವರೆಗೆ ಕಿವಿಗೆ ಹೆಡ್‌ಫೋನ್ ಏರಿಸಿ, ಕೈಯಲ್ಲಿ ಮೈಕು ಹಿಡಿದು, ಗುಲಾಬಿಯಕ್ಕನ ಬುಟ್ಟಿಯ ಎದುರು ನಿಂತೆ. ಕೈಯಲ್ಲಿ ಚೀಲವಿಲ್ಲ.

"ಎಂತ ಮಾಷ್ಟ್ರೆ, ಮೀನ್ ಬೇಕಾ?"

"ಬೇಡ. ಎರಡು ಮಾತು ಕೇಳ್ಬೇಕಿತ್ತು."

ಸಾಲಿನ ಹೆಂಗಸರೆಲ್ಲ ನನ್ನನ್ನು ನೋಡಿದರು. "ಬೋಣಿ ಆಯ್ಲಿಲ್ಲ. ಬದಿಗ್ ನಿಲ್ಲಿ ಕಾಂಬ" ಎಂದಳು ಗುಲಾಬಿಯಕ್ಕ. ದಿನದ ಮೊದಲ ವ್ಯಾಪಾರ ಆಗುವ ಮುಂಚೆ, ಏನೂ ಕೊಳ್ಳದೆ ಬುಟ್ಟಿಯ ಎದುರು ನಿಂತು ಪ್ರಶ್ನೆ ಕೇಳುವ ಗಂಡಸಿನಷ್ಟು ದೊಡ್ಡ ಅಪಶಕುನ ಮೀನು ಮಾರುಕಟ್ಟೆಯಲ್ಲಿ ಇನ್ನೊಂದಿಲ್ಲ. ಇದು ಊರಿನ ಬೆಕ್ಕಿಗೂ ಗೊತ್ತು. ನನಗೆ ಗೊತ್ತಿರಲಿಲ್ಲ.

ಹಾಗಾಗಿ ಉಪಾಯ ಬದಲಿಸಿದೆ. ಒಂದು ಮಧ್ಯಾಹ್ನ ಗುಲಾಬಿಯಕ್ಕನನ್ನು ಮನೆಗೆ ಕರೆದೆ. ಸದ್ದು ಬರಬಾರದೆಂದು ಕಿಟಕಿಗೆ ರಜಾಯಿ ಕಟ್ಟಿದ್ದೆ, ಫ್ಯಾನ್ ಆರಿಸಿದ್ದೆ, ಸುಮತಿಗೆ ಸೌಟು ಮುಟ್ಟಬಾರದೆಂದು ಅಪ್ಪಣೆ ಮಾಡಿದ್ದೆ. ಗುಲಾಬಿಯಕ್ಕ ಮದುವೆಗೆ ಉಡುವ ಸೀರೆ ಉಟ್ಟು ಬಂದು, ಕೈಗಳೆರಡನ್ನೂ ಮಡಿಲಲ್ಲಿಟ್ಟು ಬೆವರುತ್ತಾ ಕುಳಿತಳು. ಅಂದು ಏನಾಯಿತು ಎಂದೆ. "ಕೂಕಂಡಿತ್" ಎಂದಳು. ಆಮೇಲೆ ಎಂದೆ. "ಮಾಡ್ ಹಾಕ್ರ್" ಎಂದಳು. ಇಡೀ ಚಳವಳಿ ಆರು ಸೆಕೆಂಡಿನಲ್ಲಿ ಮುಗಿಯಿತು. ಮಾರುಕಟ್ಟೆಯಲ್ಲಿ ಬಾಯಿಗೆ ಬಿಡುವೇ ಕೊಡದವಳು ಇವಳೇನಾ ಎನಿಸಿತು.

ಉಳಿದ ಜಾಗವನ್ನು ನಾನೇ ತುಂಬಿದೆ. ಮೇಷ್ಟರಿಗೆ ಖಾಲಿ ಪಿರಿಯಡ್ ಸಿಕ್ಕಿದರೆ ಬಿಡುತ್ತಾರೆಯೆ? ಬಂದರುಗಳ ಇತಿಹಾಸ, ಮತ್ಸ್ಯೋದ್ಯಮ, ಮಹಿಳಾ ಶ್ರಮದ ಅದೃಶ್ಯತೆ ಎಂದೆಲ್ಲ ಇಪ್ಪತ್ತೈದು ನಿಮಿಷ ಗಂಭೀರ ದನಿಯಲ್ಲಿ ಓದಿದೆ. ಮರುದಿನ ಮಾರುಕಟ್ಟೆಗೆ ಹೋಗಿ, ಬೋಣಿಯಾಗುವವರೆಗೆ ಬದಿಯಲ್ಲಿ ಕಾದು, ಅದನ್ನು ಗುಲಾಬಿಯಕ್ಕನಿಗೆ ಮೊಬೈಲಿನಲ್ಲಿ ಕೇಳಿಸಿದೆ.

ಅವಳು ಕೊನೆಯವರೆಗೆ ಕೇಳಿದಳು. "ಚಂದ ಇತ್ತ್ ಮಾಷ್ಟ್ರೆ. ನಾವ್ ಕೂಕಂಬತಿಗೆ ನೀವೂ ಅಲ್ಲಿದ್ರ್ಯಾ?"

"ಇಲ್ಲ."

"ಮತ್ತೆ ಪೂರಾ ನೀವೇ ಹೇಳ್ತ್ರಿ?" ಗೋಡೆಯ ಕಲ್ಲಿನ ಕಡೆ ನೋಡಿದಳು. "ಈ ಕಲ್ಲ್ ಹೋದ್ರೆ ಇನ್ನೊಂದ್ ಕಲ್ಲ್ ಬತ್ತ್. ಹನ್ನೊಂದ್ ಜನದಗೆ ಈಗ ಇಪ್ಪುದ್ ಮೂರೇ ಜನ. ನಾವೂ ಹೋದ್ರೆ ಹೇಳುಕೆ ಯಾರಿದ್ರ್?"

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಕಲ್ಲು ಹೊತ್ತವನ ಹೆಸರೆಲ್ಲಿ ಎಂದು ವರ್ಷವೂ ಕೇಳುತ್ತಿದ್ದವನು, ಅವಕಾಶ ಸಿಕ್ಕಿದ ಕೂಡಲೇ ಇನ್ನೊಂದು ಕಲ್ಲು ಕೆತ್ತಿ ಅದರ ತುಂಬ ನನ್ನನ್ನೇ ಬರೆದುಕೊಂಡಿದ್ದೆ. ಮನೆಗೆ ಬಂದು ಇಪ್ಪತ್ತೈದು ನಿಮಿಷವನ್ನೂ ಅಳಿಸಿಹಾಕಿದೆ. ಬೋಣಿ ಆಗದೆ ಮಾತಿಲ್ಲ ತಾನೇ? ಸರಿ, ಬೋಣಿ ನಾನೇ ಮಾಡುತ್ತೇನೆ ಎಂದು ನಿಶ್ಚಯಿಸಿದೆ.

ಮೊದಲ ದಿನ ನಾನು ಬೋಣಿ ಮಾಡಿದೆ, ಮಧ್ಯಾಹ್ನದವರೆಗೂ ವ್ಯಾಪಾರ ಏಳಲಿಲ್ಲ. ಸಾಲಿನ ಹೆಂಗಸರು ನನ್ನ ಕೈಯನ್ನು ಒಂದು ತರಹ ನೋಡಿದರು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಬಿಡುತ್ತಿದ್ದರು. ನಾನು ಮರುದಿನ ಮತ್ತೆ ಹೋದೆ. ಅಂದು ಹತ್ತು ಗಂಟೆಗೆ ಬುಟ್ಟಿಗಳೆಲ್ಲ ಖಾಲಿ. "ನಾಳೆಗೂ ನೀವೇ ಬನಿ" ಎಂದಳು ಗುಲಾಬಿಯಕ್ಕ. ಹೀಗೆ ಎಂಟು ದಿನ ನಮ್ಮ ಮನೆಯಲ್ಲಿ ಬಂಗುಡೆ. ನಾನು ಆರಿಸಿ ತಂದದ್ದರ ಕಿವಿರು ಎತ್ತಿ, ಹೊಟ್ಟೆ ಒತ್ತಿ ನೋಡಿ, "ಇತಿಹಾಸದ ಮೀನ್ ತಂದ್ರಿ" ಎಂದು ಸುಮತಿ ಮಸಾಲೆ ಅರೆಯುತ್ತಿದ್ದಳು.

ಮೂರನೆಯ ದಿನ ಗುಟ್ಟು ತಿಳಿಯಿತು. ಗುಲಾಬಿಯಕ್ಕನ ಮಾತು ಇರುವುದು ಅವಳ ಕೈಯಲ್ಲಿ. ಕತ್ತಿ ಹಿಡಿದು ಮೀನು ಕೊಯ್ಯಲು ಕುಳಿತರೆ ಮಾತು ತಾನಾಗಿ ಬರುತ್ತದೆ, ಕೈ ಸುಮ್ಮನಾದರೆ ಬಾಯಿಯೂ ಸುಮ್ಮನೆ. ಅವಳ ಕೈಗಳನ್ನು ಮಡಿಲಲ್ಲಿ ಇಡಿಸಿ ರಜಾಯಿಯೊಳಗೆ ಕೂರಿಸಿದ ನನ್ನ ಬುದ್ಧಿಗೆ ಏನು ಹೇಳಲಿ? ಈಗ ಅವಳು ನನ್ನ ಬಂಗುಡೆಯ ತಲೆ ಕತ್ತರಿಸುತ್ತಾ ಹೇಳಿದಳು. ನಾತ ಬರುತ್ತದೆ, ರಸ್ತೆ ಬದಿ ಬಿಡಿ ಎಂದು ಆ ಕಾಲದ ಪಂಚಾಯತಿಯವರು ಇವರನ್ನು ಎಬ್ಬಿಸಿದ್ದರಂತೆ. ಇವರು ಬುಟ್ಟಿ ಎತ್ತಿಕೊಂಡು ಹೋಗಿ ಎಬ್ಬಿಸಿದವರ ಕಚೇರಿಯ ಜಗಲಿಯಲ್ಲೇ ಕುಳಿತರಂತೆ.

"ಮೀನ್ ಮಾರ್ಲೂ ಇಲ್ಲ, ಎಸೀಲೂ ಇಲ್ಲ. ಸುರಿನ್ ದಿನ ಬುದ್ಧಿ ಹೇಳ್ರ್. ಮರ್ದಿನ ಮೂಗ್ ಮುಚ್ಕಂಡ್ರ್. ಮೂರ್ನೇ ದಿನ ಮಾಡ್ ಹಾಕ್ಸುಕೆ ಒಪ್ಪಿರ್."

ಆಮೇಲೆ ಕೂತ ಸಾಲಿನ ಪ್ರಕಾರ ಹೆಸರು ಹೇಳತೊಡಗಿದಳು. ಹತ್ತು ಹೆಸರಾಯಿತು. ಹನ್ನೊಂದನೆಯದು ನೆನಪಾಗಲಿಲ್ಲ. ಕತ್ತಿ ನಿಂತಿತು. ಒಂದು ಲಾರಿ ಹೋಯಿತು, ಕಾಗೆ ಕೂಗಿತು, ಯಾರೋ ಐಸು ಒಡೆದರು. ನಾನು ಮೈಕು ಇಳಿಸಲಿಲ್ಲ. ಕೊನೆಗೆ ಎದುರಿನ ಬುಟ್ಟಿಯ ಮುದುಕಿ, ಉಳಿದ ಮೂವರಲ್ಲಿ ಒಬ್ಬಳು, ನಿಧಾನವಾಗಿ ಹೇಳಿದಳು: "ಸಣ್ಣಕ್ಕ ಅಲ್ದಾ? ಕಡಿಗೆ ಕೂಕಂಡದ್ದ್." ಗುಲಾಬಿಯಕ್ಕ "ಹೌದಲೆ, ಸಣ್ಣಕ್ಕ" ಎಂದಳು, ಆ ದನಿಯನ್ನು ಬರೆದು ತೋರಿಸಲು ನನಗೆ ಬರುವುದಿಲ್ಲ.

ಕೇಂದ್ರದ ಮೇಡಂ ಕೇಳಿ ಹುಬ್ಬು ಗಂಟಿಕ್ಕಿದರು. ಗದ್ದಲ ಜಾಸ್ತಿ ಎಂದರು. ಹೆಸರಿಗಾಗಿ ಕಾಯುವ ಆ ಇಪ್ಪತ್ತು ಸೆಕೆಂಡು ತೆಗೆಯಿರಿ, ಜನ ರೇಡಿಯೊ ಕೆಟ್ಟಿತೆಂದು ತಿಳಿಯುತ್ತಾರೆ ಎಂದರು. ನಾನು ಮೇಲಿನವರಿಗೆ ಎದುರಾಡಿದ ಪ್ರಾಣಿಯಲ್ಲ, ಶಾಲೆಗೆ ಬಂದ ಇನ್ಸ್‌ಪೆಕ್ಟರರು ಅಶೋಕನ ಇಸವಿ ತಪ್ಪು ಹೇಳಿದಾಗಲೂ ತಲೆಯಾಡಿಸಿದವನು. ಅಂದು ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. "ಬೇಕಾದರೆ ನನ್ನ ಮಾತು ತೆಗೆಯಿರಿ, ಆ ಇಪ್ಪತ್ತು ಸೆಕೆಂಡು ಮುಟ್ಟಬೇಡಿ" ಎಂದೆ. ಅವರು ಇನ್ನೊಮ್ಮೆ ಕೇಳಿದರು. ಆಮೇಲೆ ಸಂತೋಷದಿಂದ ನನ್ನ ಮಾತು ತೆಗೆದರು. ಉಳಿದದ್ದು ನಾಲ್ಕು ವಾಕ್ಯ.

ಭಾನುವಾರ ಏಳೂವರೆಗೆ ಮಾರುಕಟ್ಟೆಯಲ್ಲಿ ಐಸಿನ ಪೆಟ್ಟಿಗೆಯ ಮೇಲೆ ರೇಡಿಯೊ ಇಟ್ಟೆವು. ಸುಮತಿಯೂ ಬಂದಿದ್ದಳು. ಬೋಣಿ ಮಾಡಲು ನಾನು ಚೀಲ ತೆಗೆದರೆ ಗುಲಾಬಿಯಕ್ಕ ಬೇಡ ಎಂದು ಕೈಯಾಡಿಸಿದಳು. ಅವಳ ದನಿ ರೇಡಿಯೊದಲ್ಲಿ ಬಂತು. ಸಾಲಿನವರೆಲ್ಲ ಬುಟ್ಟಿಗೆ ಒದ್ದೆ ಗೋಣಿ ಮುಚ್ಚಿ ಕುಳಿತರು. ಹೆಸರುಗಳು ಶುರುವಾಗುವ ಹೊತ್ತಿಗೆ ಸರಿಯಾಗಿ ಸ್ಕೂಟರಿನಲ್ಲಿ ಒಬ್ಬರು ಬಂದು ಬಂಗುಡೆ ಹೇಗೆ ಎಂದು ಕೇಳಿದರು. ಅಂದಿನ ಮೊದಲ ಗಿರಾಕಿ. ಗುಲಾಬಿಯಕ್ಕ ಗೋಣಿ ತೆಗೆಯಲಿಲ್ಲ.

"ಸ್ವಲ್ಪ ನಿಲ್ಲಿ. ಹನ್ನೊಂದ್ ಹೆಸ್ರ್ ಮುಗಿಲಿ."

ಬೋಣಿಯನ್ನು ಕಾಯಿಸಿದ್ದನ್ನು ಆ ಮಾರುಕಟ್ಟೆ ಅಂದೇ ಮೊದಲು ನೋಡಿದ್ದು. ಆ ಪುಣ್ಯಾತ್ಮರು ಸ್ಕೂಟರ್ ಆರಿಸಿ ನಿಂತರು. ಇದೆಂತ ಕಾರ್ಯಕ್ರಮ ಎಂದು ನನ್ನನ್ನು ಮೆಲ್ಲನೆ ಕೇಳಿದರು. ಮೂವತ್ತು ವರ್ಷದ ಅಭ್ಯಾಸ, ನಾನು ಗಂಟಲು ಸರಿಮಾಡಿಕೊಂಡು, ನೋಡಿ, ಇತಿಹಾಸ ಅಂದರೆ, ಎಂದು ಆರಂಭಿಸಿದೆ.

"ಮಾಷ್ಟ್ರೆ, ನೀವ್ ಸುಮ್ನೆ ಕೂಕಣಿ" ಎಂದಳು ಗುಲಾಬಿಯಕ್ಕ, ರೇಡಿಯೊದಿಂದ ಕಣ್ಣು ತೆಗೆಯದೆ. "ಈಗ ಮಾತಾಡುದ್ ನಾನ್."

ನಾನು ಕುಳಿತೆ.